ಯಾರ ಬೆಟ್ಟ, ಯಾರ ಕೆರೆ?



ಮನಸ್ಸಿಗೆ ಗಾಯವಾದವರಿಗೆ ‘ಕಾಡು, ಕೆರೆ ನೋಡಿ ಬಾ, ಸರಿಹೋಗುತ್ತೆ’ ಎನ್ನುತ್ತಾರೆ. ಸರಿಯೇ. ಆದರೆ ಯಾರ ಕೆರೆ?

ಅಮೆರಿಕದ ಮೂಲನಿವಾಸಿ ಲೇಖಕಿ ಲೆಸ್ಲಿ ಮಾರ್ಮನ್ ಸಿಲ್ಕೊ ಅವರ ‘ಸೆರೆಮನಿ’ (1977) ಕಾದಂಬರಿ ಓದುವಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನ್ಯೂ ಮೆಕ್ಸಿಕೊದ ಲಗೂನಾ ಪ್ವೆಬ್ಲೊ ಸಮುದಾಯದ ಟಾಯೊ ಎರಡನೇ ಮಹಾಯುದ್ಧದಿಂದ ಮನಸ್ಸು ಒಡೆದು ಮರಳುತ್ತಾನೆ. ಜೊತೆಗೆ ಹೋದ ದೊಡ್ಡಮ್ಮನ ಮಗ ಬದುಕಿ ಬರಲಿಲ್ಲ. ಯುದ್ಧದ ಕಾಡಿನಲ್ಲಿ ಟಾಯೊ ಮಳೆಯನ್ನು ಶಪಿಸಿದ್ದ. ಊರಿನ ಬರಕ್ಕೆ ಆ ಶಾಪವೇ ಕಾರಣವೆಂಬ ಕೊರಗು ಅವನಿಗೆ. (ಶಾಪಕ್ಕೆ ಮಳೆ ನಿಲ್ಲದು ಅಂತ ನಮಗೆ ಗೊತ್ತು. ಕೊರಗು ಮಾತ್ರ ನಿಜ.) ‘ನಾವು’ ಅನ್ನುವುದನ್ನು ಬಿಟ್ಟು ನಿನ್ನನ್ನಷ್ಟೇ ನೋಡಿಕೋ ಎಂಬ ಮಿಲಿಟರಿ ವೈದ್ಯರ ಸಲಹೆ ನಾಟುವುದಿಲ್ಲ. ಸೋದರಮಾವನ ಕಳೆದುಹೋದ ದನಗಳನ್ನು ಹುಡುಕುತ್ತ ಬೆಟ್ಟ ಹತ್ತಿದಾಗ ಚೇತರಿಕೆ ಕಾಣುತ್ತದೆ. ಆ ಬೆಟ್ಟಕ್ಕೆ ಬಿಳಿಯ ಭೂಮಾಲೀಕನ ತಂತಿಬೇಲಿ. ರಾತ್ರಿ ಟಾಯೊ ಅದನ್ನು ಕತ್ತರಿಸುತ್ತಾನೆ. ನನ್ನ ಮಟ್ಟಿಗೆ ಮದ್ದು ಇರುವುದು ಅಲ್ಲಿ, ಬರೀ ಬೆಟ್ಟದಲ್ಲಲ್ಲ.

ಮಹಾಡಿನ ಚವದಾರ್ ಕೆರೆಯಲ್ಲಿ ದನಕರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದರು; ಜೊತೆಗೆ ಬಂದ ಜನರೂ ಕುಡಿದರು. ಅದೇ ದಿನ ಅವರ ಮೇಲೆ ಹಲ್ಲೆಯಾಯಿತು. ಡಿಸೆಂಬರಿನಲ್ಲಿ ಮತ್ತೆ ಮಹಾಡಿಗೇ ಬಂದರು.