ಗುರುತೇ ಹಣೆಬರಹವೆ?

ಗಂಟಲಿನ ಕ್ಯಾನ್ಸರಿಗೆ ತುತ್ತಾದವರು ಎಷ್ಟು ಕಾಲ ಬದುಕಿಯಾರೆಂಬುದನ್ನು ಗಡ್ಡೆಯೊಳಗಿನ ಒಂದು ಗುರುತಿನಿಂದ ಅಂದಾಜು ಮಾಡುವ ವಿದ್ಯೆ ಇಂದು ವೈದ್ಯರ ಕೈಗೆ ಬಂದಿದೆ. ಅದರ ಬೆನ್ನಿಗೆ ಒಂದು ಧರ್ಮಸೂಕ್ಷ್ಮವೂ ನಮ್ಮ ಹೊಸ್ತಿಲಿಗೆ ಬಂದು ನಿಂತಿದೆ. ಆ ಅಂದಾಜನ್ನು ರೋಗಿಗೆ ಹೇಳಬೇಕೆ? ಅದನ್ನು ನೋಡಿಯೇ ಚಿಕಿತ್ಸೆ ಬೇಕೋ ಬೇಡವೋ ಎಂದು ಮನೆಯವರು ತೀರ್ಮಾನಿಸಬಹುದೆ?

ಮೊದಲು ವಿಷಯವನ್ನು ಅರಿಯೋಣ. ಟಾನ್ಸಿಲ್ ಹಾಗೂ ನಾಲಿಗೆಯ ಬುಡದಲ್ಲಿ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಾಣುವಿನಿಂದ ಹುಟ್ಟಿದ ಗಡ್ಡೆಯಲ್ಲಿ ಪಿ16 ಎಂಬ ಪ್ರೋಟೀನು ಹೇರಳವಾಗಿರುತ್ತದೆ. ಇಂತಹ ಗಡ್ಡೆ ವಿಕಿರಣಕ್ಕೂ ಔಷಧಕ್ಕೂ ಬೇಗ ಮಣಿಯುತ್ತದೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವೈರಾಣು ಇದ್ದವರ ಪೈಕಿ ನೂರಕ್ಕೆ ಸುಮಾರು 82 ಜನ, ಇಲ್ಲದವರ ಪೈಕಿ 57 ಜನ ಮೂರು ವರ್ಷಗಳ ನಂತರವೂ ಬದುಕಿದ್ದರು. ನಮ್ಮ ದೇಶದಲ್ಲಿ ಗಂಟಲಿನ ಕ್ಯಾನ್ಸರಿಗೆ ಬಹುಮಟ್ಟಿಗೆ ತಂಬಾಕು, ಬೀಡಿ, ಮದ್ಯಗಳೇ ಕಾರಣ. ಆದುದರಿಂದ ಈ ಶುಭಸೂಚನೆ ದೊರೆಯುವವರು ಇಲ್ಲಿ ಕಡಿಮೆ.

ಭೀಮಾತೀರದ ದೇವಣಗಾಂವದಂತಹ ಊರಿನಿಂದ ಹಿರಿಯರೊಬ್ಬರನ್ನು ಕಲಬುರಗಿಗೋ ಹುಬ್ಬಳ್ಳಿಗೋ ಕರೆದೊಯ್ದರೆನ್ನಿ. ವರದಿ ಮಕ್ಕಳ ಕೈ ಸೇರುತ್ತದೆ. ಹಿರಿಯರು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಗುರುತು ಅನುಕೂಲವಾಗಿಲ್ಲವೆಂದು ತಿಳಿದೊಡನೆ ಒಬ್ಬನು, “ಎರಡೆಕರೆ ಹೊಲ ಮಾರಿ ಫಲವೇನು?” ಎನ್ನುತ್ತಾನೆ. ಮತ್ತೊಬ್ಬನು, “ಅಪ್ಪನಿಗೆ ಏನೂ ಹೇಳಬೇಡಿ” ಎನ್ನುತ್ತಾನೆ. ಒಂದು ಲೋಭದ ಮಾತು, ಇನ್ನೊಂದು ಪ್ರೀತಿಯ ಮಾತು ಎಂದು ನಾವು ಬಗೆಯಬಹುದು. ಆದರೆ ಇಬ್ಬರೂ ಗುರುತನ್ನೇ ಹಣೆಬರಹವೆಂದು ನಂಬಿದವರು.

ಅಂಕಿ ಹೇಳುವುದು ನೂರು ಜನರ ಮಾತು. ಬೆಂಚಿನ ಮೇಲೆ ಕುಳಿತವರು ಒಬ್ಬರು. ಅನುಕೂಲವಲ್ಲದ ಗುರುತಿನವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಮೂರು ವರ್ಷ ದಾಟಿದರು. ಅದೂ ಚಿಕಿತ್ಸೆ ಪಡೆದು ದಾಟಿದರು. ಚಿಕಿತ್ಸೆಯನ್ನೇ ತಪ್ಪಿಸಿದವರಿಗೆ ಆ ಅಂಕಿ ಸಲ್ಲುವುದಿಲ್ಲ. ಶುಭಸೂಚನೆಯೂ ಅಭಯಪತ್ರವಲ್ಲ. ಅಂತಹ ರೋಗಿಗಳಿಗೆ ಸೌಮ್ಯವಾದ ಔಷಧ ಸಾಕೆಂದು ಊಹಿಸಿ, ಸಿಸ್‌ಪ್ಲಾಟಿನ್ ಬದಲು ಸೆಟುಕ್ಸಿಮ್ಯಾಬ್ ಕೊಟ್ಟು ನೋಡಿದ ಎರಡು ಪ್ರಯೋಗಗಳ ಫಲ 2018ರಲ್ಲಿ ಹೊರಬಂತು. ಹೊಸ ಔಷಧ ಪಡೆದವರಲ್ಲಿಯೇ ಸಾವು ಹೆಚ್ಚಿತ್ತು. ಹಣೆಬರಹವಾದರೆ ಅಳಿಸಲಾಗದು, ಇದು ಚಿಕಿತ್ಸೆಯಿಂದಲೂ ನಡತೆಯಿಂದಲೂ ಬದಲಾಗುವಂಥದು. ವಿಕಿರಣ ನಡೆಯುವಾಗಲೂ ಬೀಡಿ ಬಿಡದವನಿಗೆ ಅದರ ಫಲ ಕುಂದುತ್ತದೆ.

“ಸುದ್ದಿ ಕೇಳಿಯೇ ಅವರು ಎದೆಯೊಡೆದುಕೊಂಡಾರು” ಎಂಬ ಆಕ್ಷೇಪವುಂಟು. ಅದು ಹುಸಿಯಲ್ಲ. ಆದರೆ ರೊಟ್ಟಿಯ ತುತ್ತು ಇಳಿಯದ ಗಂಟಲು ಅವರಿಗೆ ಅರ್ಧ ಸುದ್ದಿಯನ್ನು ಆಗಲೇ ಹೇಳಿರುತ್ತದೆ. ನಮ್ಮ ಮೌನ ಅವರನ್ನು ಭಯದಿಂದ ಕಾಯುವುದಿಲ್ಲ, ಭಯದೊಡನೆ ಒಂಟಿಯಾಗಿ ಬಿಡುತ್ತದೆ. ಮಾತು ಬಿಟ್ಟ ತಮ್ಮನನ್ನು ಕರೆಸಿಕೊಳ್ಳುವ, ಹೊಲಮನೆಯ ವ್ಯವಸ್ಥೆ ಮಾಡುವ, ಚಿಕಿತ್ಸೆಯ ಕಷ್ಟವನ್ನು ತಾವೇ ಒಪ್ಪುವ ಇಲ್ಲವೆ ಒಲ್ಲೆನೆನ್ನುವ ಹಕ್ಕನ್ನು ಕಸಿಯುತ್ತದೆ.

ದೇಹ ಯಾರದೋ ಸುದ್ದಿಯೂ ಅವರದೇ. ಹಾಗೆಂದು ಅಂಕಿಯನ್ನು ಕಲ್ಲಿನಂತೆ ಎಸೆಯಲಾಗದು. ಅವರು ಕೇಳಿದಷ್ಟನ್ನು, ಕೇಳುವ ಹೊತ್ತಿಗೆ, ಮಾಡಬಹುದಾದ ಚಿಕಿತ್ಸೆಯೊಡನೆ ಸೇರಿಸಿ ಹೇಳುವುದು ತಕ್ಕದ್ದು. ವಾಚಕರೇ, ನಿಮ್ಮ ಮನೆಗೆ ಅಂತಹ ವರದಿ ಬಂದ ದಿನ ಅದನ್ನು ಹಿಡಿದು ಮೊದಲು ಹೊರಗಿನ ಬೆಂಚಿನತ್ತ ನಡೆಯಿರಿ. ಹೊಲದ ಲೆಕ್ಕ ಆಮೇಲಾಗಲಿ.