ಚಿಪ್ಪು ಮನೆಯಲ್ಲ

ದೆಹಲಿಯ ಕನ್ನಡ ಸಮಾರಂಭಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿದೆ. ಊರಿನಿಂದ ಬಂದ ಅತಿಥಿಗಳು ಮೈಕು ಹಿಡಿದು, ‘ಹೊರನಾಡ ಕನ್ನಡಿಗರು ಆಮೆಯ ಹಾಗೆ. ಹೋದಲ್ಲೆಲ್ಲ ತಮ್ಮ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗುತ್ತಾರೆ’ ಅನ್ನುತ್ತಾರೆ. ನಾವೆಲ್ಲ ಚಪ್ಪಾಳೆ ತಟ್ಟಿ, ಬಿಸಿಬೇಳೆಬಾತ್ ತಿಂದು, ಮೆಟ್ರೋ ಹಿಡಿದು ನಮ್ಮ ನಮ್ಮ ಬಡಾವಣೆ ಸೇರಿಕೊಳ್ಳುತ್ತೇವೆ. ಮನೆಗೊಂದು ಆಮೆಮರಿ ಬಂದ ಮೇಲೆ ಈ ಮಾತಿಗೆ ಚಪ್ಪಾಳೆ ತಟ್ಟಲು ನನ್ನ ಕೈ ಏಳುತ್ತಿಲ್ಲ.

ಚಿಪ್ಪು ಆಮೆಗೆ ಮನೆಯಲ್ಲ, ಮೈ. ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಬೆಸೆದು ಹರಡಿಕೊಂಡು ಚಿಪ್ಪಾಗಿರುತ್ತದೆ. ಬೆರಳಿಟ್ಟರೆ ಅದಕ್ಕೆ ಗೊತ್ತಾಗುತ್ತದೆ. ಅದರ ಮನೆ ಇರುವುದು ಹೊರಗೆ, ಬಿಸಿಲಿನಲ್ಲಿ, ಮಣ್ಣಿನಲ್ಲಿ, ಮಣ್ಣಿನೊಳಗಿನ ತೇವದಲ್ಲಿ. ಅವು ಸಿಗದಿದ್ದರೆ ಬೆನ್ನ ಮೇಲಿನದೇ ಸೊಟ್ಟಗೆ ಬೆಳೆಯುತ್ತದೆ. ಒಮ್ಮೆ ಸೊಟ್ಟಗಾದದ್ದು ಮತ್ತೆ ನೆಟ್ಟಗಾಗುವುದಿಲ್ಲ.

ನಮ್ಮ ಮೇಲಿನ ಮಹಡಿಯಲ್ಲಿದ್ದ ಕುಟುಂಬಕ್ಕೆ ದೂರದ ಊರಿಗೆ ವರ್ಗವಾಯಿತು. ಮಗನ ಹುಟ್ಟುಹಬ್ಬಕ್ಕೆಂದು ಕೊಂಡಿದ್ದ ಆಮೆಯನ್ನು ವಿಮಾನದಲ್ಲಿ ಒಯ್ಯುವುದು ಹೇಗೆ, ಬಿಡುವುದು ಎಲ್ಲಿ ಅಂತ ಅವರಿಗೆ ಚಿಂತೆ. ಯಮುನೆಗೆ ಬಿಡುವ ಮಾತೂ ಬಂತು. ಇದು ನೆಲದ ಆಮೆ, ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ನಾನು ಡಬ್ಬಿ ಸಮೇತ ಕೆಳಗಿಳಿಸಿಕೊಂಡು ಬಂದೆ. ಅಂಗೈಯಷ್ಟಗಲದ, ಹುಲ್ಲಿನ ಬಣ್ಣದ ಮರಿ. ಹೆಸರು ಸುಲ್ಕಾಟ, ಊರು ಆಫ್ರಿಕದ ಸಹಾರಾ ಮರುಭೂಮಿಯ ದಕ್ಷಿಣದ ಅಂಚು, ಸೆನೆಗಲ್‌ನಿಂದ ಸುಡಾನ್‌ವರೆಗಿನ ಒಣಪಟ್ಟಿ. ಇದು ಬೆಳೆದರೆ ನಲವತ್ತು ಕಿಲೋ ದಾಟುತ್ತದೆಂದು ಮಾರಿದ ಅಂಗಡಿಯವನು ಆ ಹುಡುಗನಿಗೆ ಹೇಳಿರಲಿಲ್ಲ. ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು ಅಂತ 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಆ ಕಾಗದ ಪತ್ರ ಮುಗಿಸಿದ್ದಾಯಿತು. ದೆಹಲಿಯಲ್ಲಿ ಬಾಡಿಗೆ ಕರಾರು ಮಾಡಿಸುವುದಕ್ಕಿಂತ ಅದೇ ಸಲೀಸು ಅನ್ನಿ.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಮರಿಯನ್ನು ಅಲ್ಲಿಯವರೆಗೆ ಮೀನಿನ ಗಾಜಿನ ತೊಟ್ಟಿಯಲ್ಲಿ, ಹಳೆಯ ಪೇಪರಿನ ಮೇಲೆ ಇಟ್ಟಿದ್ದರು. ಗಾಜೆಂದರೆ ಆಮೆಗೆ ಅರ್ಥವಾಗುವುದಿಲ್ಲ. ಎದುರಿಗೆ ದಾರಿ ಕಾಣುತ್ತದೆ, ನಡೆದರೆ ತಡೆಯುತ್ತದೆ. ದಿನವಿಡೀ ಅದನ್ನೇ ತಳ್ಳುತ್ತಾ ನಿಲ್ಲುತ್ತದೆ. ಸುತ್ತ ಮರದ ಹಲಗೆ ಇದ್ದರೆ ಅಲ್ಲಿಗೆ ದಾರಿ ಮುಗಿಯಿತೆಂದು ಅದಕ್ಕೆ ತಿಳಿಯುತ್ತದೆ, ತಿರುಗಿ ಬರುತ್ತದೆ. ಕಿಟಕಿಯ ಬಿಸಿಲು ಬೀಳುತ್ತದಲ್ಲ ಅಂದುಕೊಳ್ಳುವಂತೆಯೂ ಇಲ್ಲ. ಚಿಪ್ಪಿಗೆ ಸುಣ್ಣ ಹತ್ತಬೇಕಾದರೆ ಡಿ3 ಜೀವಸತ್ವ ಬೇಕು, ಅದಕ್ಕೆ ಬಿಸಿಲಿನ ಅಲ್ಟ್ರಾವಯಲೆಟ್-ಬಿ ಕಿರಣ ಬೇಕು. ಕಿಟಕಿಯ ಗಾಜು ಸರಿಯಾಗಿ ಅದನ್ನೇ ಹಿಡಿದಿಟ್ಟುಕೊಂಡು ಬರೀ ಬೆಳಕನ್ನು ಒಳಗೆ ಬಿಡುತ್ತದೆ. ಹಾಗಾಗಿ ದಿನವೂ ಹೊರಗಿನ ಬಿಸಿಲು ತೋರಿಸಬೇಕು, ಇಲ್ಲವೇ ಆ ಕಿರಣ ಬಿಡುವ ಟ್ಯೂಬ್ ಹಾಕಬೇಕು. ಟ್ಯೂಬಿನಲ್ಲೂ ಒಂದು ಮೋಸವಿದೆ. ಉರಿಯುತ್ತಲೇ ಇರುತ್ತದೆ, ಆದರೆ ಒಳಗಿನ ಕಿರಣ ತಿಂಗಳುಗಳಲ್ಲಿ ಸೋರಿಹೋಗಿರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬದಲಾಯಿಸಬೇಕು.

ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ತೇವದ ವಿಷಯ. ಮರುಭೂಮಿಯ ಪ್ರಾಣಿ, ಒಣಗಿದ ಜಾಗದಲ್ಲಿ ಇಟ್ಟರೆ ಅದಕ್ಕೆ ಊರಲ್ಲಿದ್ದ ಹಾಗೇ ಇರುತ್ತದೆ ಅನ್ನುವುದು ಎಲ್ಲರ ಎಣಿಕೆ. ಆದರೆ ಅಲ್ಲಿ ಮರಿಗಳು ಮೇಲಿನ ಕಾವಿಗೆ ಸಿಗದೆ ಬಿಲದಲ್ಲಿ ಅಡಗುತ್ತವೆ, ಬಿಲದೊಳಗೆ ತೇವ ಇರುತ್ತದೆ. ನಾವು ನಕ್ಷೆಯಲ್ಲಿ ಮರುಭೂಮಿ ನೋಡುತ್ತೇವೆ, ಬಿಲ ನೋಡುವುದಿಲ್ಲ. ಒಣಗಾಳಿಯಲ್ಲಿ ಬೆಳೆದ ಮರಿಯ ಚಿಪ್ಪಿನ ಒಂದೊಂದು ಬಿಲ್ಲೆಯೂ ಗೋಪುರದ ಹಾಗೆ ಉಬ್ಬಿಕೊಳ್ಳುತ್ತದೆ. ಪುಷ್ಟಿ ಆಹಾರ ಹೆಚ್ಚಾದರೆ ಹೀಗಾಗುತ್ತದೆಂದು ಬಹಳ ಕಾಲ ನಂಬಿದ್ದರು. ವಿಯೆನ್ನಾದ ಇಬ್ಬರು ಸಂಶೋಧಕರು 2003ರಲ್ಲಿ ಇದೇ ಸುಲ್ಕಾಟ ಮರಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿ, ಊಟಕ್ಕಿಂತ ಗಾಳಿಯ ಒಣಗುವಿಕೆಯ ಪಾತ್ರವೇ ಬಹಳ ದೊಡ್ಡದು ಎಂದು ತೋರಿಸಿದರು.

ಆದ್ದರಿಂದ ನಾಲ್ಕಡಿ ಉದ್ದ, ಎರಡಡಿ ಅಗಲದ ಮುಚ್ಚಳವಿರುವ ಮರದ ಪೆಟ್ಟಿಗೆ. ಅಡಿಯಲ್ಲಿ ತೆಂಗಿನ ನಾರಿನ ಪುಡಿ, ಮಣ್ಣು ಕಲಸಿ ನೀರು ಹನಿಸಿದ್ದು. ಒಂದು ತುದಿಯಲ್ಲಿ 35 ಡಿಗ್ರಿ ಬಿಸಿ, ಉಳಿದೆಡೆ 27ಕ್ಕೆ ಇಳಿಯಬಾರದು, ಗಾಳಿಯಲ್ಲಿ ಶೇಕಡ 80ರಷ್ಟು ತೇವ. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ, ಗಲ್ಲ ಮುಳುಗದಷ್ಟು ಆಳದಲ್ಲಿ, ಇಪ್ಪತ್ತು ನಿಮಿಷ ಕೂರಿಸುವುದು. ಅನ್ನ, ಬ್ರೆಡ್ಡು ಕೂಡದು. ಗರಿಕೆ, ದಾಸವಾಳದ ಎಲೆ, ಹಿಪ್ಪುನೇರಳೆ ಸೊಪ್ಪು. ನಾನು ಚಿಂತಾಮಣಿ ಕಡೆಯವನು. ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುವುದು ನೋಡಿ ಬೆಳೆದವನು. ದೆಹಲಿಯ ರಸ್ತೆ ಬದಿಯಲ್ಲಿ ಹಿಪ್ಪುನೇರಳೆ ಮರಗಳಿಗೆ ಬರವಿಲ್ಲ, ಆದರೆ ಇಲ್ಲಿಯವರಿಗೆ ಅದರ ಹಣ್ಣು ಗೊತ್ತು, ಸೊಪ್ಪಿನ ಬೆಲೆ ಗೊತ್ತಿಲ್ಲ. ಬೆಳಗಿನ ವಾಕಿಂಗಿನಲ್ಲಿ ಎಲೆ ಕೀಳುವ ನನ್ನನ್ನು ಕಾಲೊನಿಯ ಮಾಲಿ ಈಗಲೂ ಅನುಮಾನದಿಂದ ನೋಡುತ್ತಾನೆ.

ಪೆಟ್ಟಿಗೆ ಮಾಡಿಕೊಟ್ಟವನು ಬಿಹಾರದ ದರ್ಭಂಗಾ ಕಡೆಯ ಬಡಗಿ. ಡಿಸೆಂಬರ್ ತಿಂಗಳು. ಬೆಳಕಿಲ್ಲದೆ ಬರೀ ಶಾಖ ಕೊಡುವ ಸೆರಾಮಿಕ್ ಬಲ್ಬಿಗೆ ತೂತು ಕೊರೆಯುತ್ತಾ, ‘ಸಾಬ್, ಇದಕ್ಕೆ ರಾತ್ರಿಯೆಲ್ಲ ಹೀಟರಾ?’ ಅಂತ ಕೇಳಿದ. ಹೌದಪ್ಪ ಅಂದೆ. ನಕ್ಕ. ಅವನು ತ್ರಿಲೋಕಪುರಿಯ ಒಂದು ಕೋಣೆಯಲ್ಲಿ ಇನ್ನೂ ಮೂವರ ಜೊತೆ ಮಲಗುತ್ತಾನೆ. ದೆಹಲಿಯ ಆ ರಾತ್ರಿಗಳು ಐದು ಡಿಗ್ರಿಗೆ ಇಳಿಯುತ್ತವೆ. ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಉತ್ತರ ಹೇಳುವುದು ಸುಲಭವಿತ್ತು.

ಮನುಷ್ಯರೇ ಚಳಿಯಲ್ಲಿ ನಡುಗುವ ಊರಿನಲ್ಲಿ ಆಮೆಗೆ ಶಾಖ ಕೊಡುವುದು ಸರಿಯೇ? ದಯೆಗೆ ಮೇಲು ಕೀಳಿಲ್ಲ, ಯಾರಿಗೆ ಮಾಡಿದರೂ ಪುಣ್ಯವೇ ಅನ್ನುವವರಿದ್ದಾರೆ. ನನಗೆ ಅದು ತಪ್ಪಿಸಿಕೊಳ್ಳುವ ಮಾತಾಗಿ ಕೇಳುತ್ತದೆ. ನಾನು ಇದನ್ನು ದಯೆಯ ಲೆಕ್ಕದಲ್ಲಿ ಹಿಡಿಯುವುದಿಲ್ಲ, ಋಣದ ಲೆಕ್ಕದಲ್ಲಿ ಹಿಡಿಯುತ್ತೇನೆ. ಕಾಡಿನ ಆಮೆಗೆ ನಮ್ಮಿಂದ ಏನೂ ಬೇಕಿಲ್ಲ. ಪೆಟ್ಟಿಗೆಯ ಆಮೆಗೆ ಬಿಸಿಲನ್ನೂ ನಾವೇ ಕೊಡಬೇಕು. ಬಡಗಿ ಕಂಬಳಿ ಎಳೆದುಕೊಳ್ಳಬಲ್ಲ, ಛಠ್ ಹಬ್ಬಕ್ಕೆ ರೈಲು ಹತ್ತಬಲ್ಲ. ಈ ಮರಿಗೆ ಚಳಿಯಾದರೆ ತಿಂದದ್ದು ಕರಗುವುದೂ ನಿಲ್ಲುತ್ತದೆ. ಭಗವದ್ಗೀತೆಯ ಎರಡನೇ ಅಧ್ಯಾಯ ಇಂದ್ರಿಯಗಳನ್ನು ಒಳಗೆಳೆದುಕೊಂಡ ಸ್ಥಿತಪ್ರಜ್ಞನನ್ನು ಆಮೆಗೆ ಹೋಲಿಸುತ್ತದೆ. ಹೋಲಿಕೆ ದೊಡ್ಡದೇ. ಆದರೆ ಪೆಟ್ಟಿಗೆಯಲ್ಲಿ ಸದಾ ಕೈಕಾಲು ಒಳಗೆಳೆದುಕೊಂಡು ಕೂತ ಮರಿಯನ್ನು ಕಂಡರೆ ಥರ್ಮಾಮೀಟರ್ ನೋಡಬೇಕು, ಜ್ಞಾನಿಯೆಂದು ಕೈಮುಗಿಯಬಾರದು.

ಆದರೆ ಋಣದ ಲೆಕ್ಕ ತೆಗೆದರೆ ಅದು ಆಮೆಯ ಹತ್ತಿರ ನಿಲ್ಲುವುದಿಲ್ಲ. ಬಡಗಿಯನ್ನೂ ಈ ಊರು ತನ್ನ ಕೆಲಸಕ್ಕೇ ಕರೆಸಿಕೊಂಡಿದೆ. ಅವನ ಕೈಯಿಂದ ಬಾಗಿಲು, ಕಿಟಕಿ, ಕಪಾಟು ಮಾಡಿಸಿಕೊಂಡು, ಅವನ ರಾತ್ರಿಯ ಚಳಿ ಮಾತ್ರ ಅವನದು ಅಂದಿದೆ. ಆ ದಿನ ಅವನು ಕೇಳಿದ ಕೂಲಿಗೆ ನಾನು ಚೌಕಾಸಿ ಮಾಡಲಿಲ್ಲ. ಅಷ್ಟಕ್ಕೇ ಲೆಕ್ಕ ಚುಕ್ತಾ ಆಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಚಳಿಗಾಲ ಮುಗಿದ ಮೇಲೆ ಬಂದ ನಮ್ಮಮ್ಮನಿಗೆ ಇದನ್ನು ಕಂಡು ಎದೆ ಧಸಕ್ಕೆಂದಿತು. ‘ಏನಪ್ಪಾ ಇದು, ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತಾರೆ!’ ಅಂದರು. ಜಪ್ತಿಗೆ ಬರುವ ಕೋರ್ಟಿನ ಅಮೀನನ ಸಾಲಿನಲ್ಲಿ ಆಮೆಯನ್ನು ನಿಲ್ಲಿಸುವುದು ತಮಿಳು ಗಡಿಯುದ್ದಕ್ಕೂ ಇರುವ ಗಾದೆ. ದೆಹಲಿಯ ಅಂಗಡಿಗಳಲ್ಲಿ ಅದೇ ಆಮೆಯನ್ನು ಹಿತ್ತಾಳೆಯಲ್ಲಿ, ಗಾಜಿನಲ್ಲಿ ಎರಕ ಹೊಯ್ದು ಅದೃಷ್ಟಕ್ಕೆ ಮಾರುತ್ತಾರೆ. ಅಪಶಕುನ ಅಂದವರಿಂದ ಆಮೆಗೆ ಆದ ತೊಂದರೆ ಕಡಿಮೆ. ಅದೃಷ್ಟ ಅಂದವರೇ ಜೀವಂತ ಆಮೆಯನ್ನು ಹುಡುಕಿ ಕೊಂಡವರು.

ಎರಡು ದಿನ ಕಳೆದ ಮೇಲೆ ಅಮ್ಮ ತಾವೇ ಕರಿಬೇವಿನ ಕುಂಡದ ಪಕ್ಕದ ದಾಸವಾಳ ಕಿತ್ತು ಕೊಟ್ಟರು. ಆಮೇಲೆ, ‘ನಮ್ಮೂರ ಗುಡ್ಡಕ್ಕೆ ಬಿಟ್ಟುಬಿಡೋ, ಅಲ್ಲಿ ಇದರ ಜಾತಿಯವು ಇರ್ತಾವಲ್ಲ’ ಅಂದರು. ನಮ್ಮ ಬಯಲುಸೀಮೆಯ ಕುರುಚಲಲ್ಲಿ ಇರುವುದು ನಕ್ಷತ್ರ ಆಮೆ. ಮಳೆ ಬಿದ್ದ ಮಾರನೆಯ ದಿನ ಹೊಲದ ಬದುವಿನಲ್ಲಿ ಕಾಣುವುದು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಜೈಲಿಗೆ ಕಳಿಸುವ ಅಪರಾಧ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ಪೂರ್ತಿ ನಿಷೇಧಿಸಿದರು. ಆದರೂ ಸಾಕ್ಸಿನಲ್ಲಿ ತುರುಕಿ, ಟೇಪು ಸುತ್ತಿ ವಿಮಾನ ಹತ್ತಿಸುವವರಿದ್ದಾರೆ. ಹಾಗೆ ಹೋದವುಗಳಲ್ಲಿ 51 ಆಮೆಗಳು 2018ರ ನವೆಂಬರಿನಲ್ಲಿ ಸಿಂಗಪುರದಿಂದ ಕರ್ನಾಟಕಕ್ಕೆ ಮರಳಿ ಬಂದವು. ಆ ಸುದ್ದಿಯನ್ನು ಈಗಲೂ ನೆನೆಯುತ್ತೇನೆ. ಹೊರಗೆ ಹೋದವರಲ್ಲಿ ಮರಳಿದವರ ಲೆಕ್ಕ ಎಷ್ಟು ಚಿಕ್ಕದು!

ನಮ್ಮ ಮನೆಯದಕ್ಕೆ ಆ ಯೋಗವೂ ಇಲ್ಲ. ಸಾಕಿದ ಮರಿ, ಬಹುಶಃ ಅಪ್ಪ-ಅಮ್ಮನೂ ಸಾಕಿದವೇ. ಆಫ್ರಿಕವನ್ನು ಅದು ಕಂಡಿಲ್ಲ, ಯಾರೂ ಕಳಿಸುವುದೂ ಇಲ್ಲ. ನಮ್ಮೂರ ಗುಡ್ಡಕ್ಕೆ ಬಿಟ್ಟರೆ ತನ್ನ ರೋಗವನ್ನು ಅಲ್ಲಿನ ನಕ್ಷತ್ರ ಆಮೆಗಳಿಗೆ ಅಂಟಿಸಬಹುದು, ನಾಯಿಗೆ ತುತ್ತಾಗಬಹುದು. ಸ್ವಾತಂತ್ರ್ಯ ಕೊಟ್ಟೆನೆಂದು ಹಗುರಾಗುವುದು ಬಿಟ್ಟವನ ಮನಸ್ಸು ಮಾತ್ರ. ಇದಕ್ಕೆ ಕಡೆಯವರೆಗೂ ಯಾರದೋ ಹಿತ್ತಲೇ ಊರು. ಪಟ್ಟಾಗಿ ನೋಡಿಕೊಂಡರೆ ಕೊಂಡದ್ದು ಸರಿಯಾಗುತ್ತದೆಯೇ? ಇಲ್ಲ. ಅದಕ್ಕೇ ಯಾರಾದರೂ ಪೆಟ್ಟಿಗೆ ನೋಡಿ ‘ನಮಗೂ ಒಂದು ಎಲ್ಲಿ ಸಿಗುತ್ತೆ?’ ಅಂದರೆ ನಾನು ಅಂಗಡಿ ಹೇಳುವುದಿಲ್ಲ, ಕರೆಂಟ್ ಬಿಲ್ ತೋರಿಸುತ್ತೇನೆ.

ಕೊನೆಯ ತೊಡಕು ಆಯಸ್ಸಿನದು. ಕಲ್ಕತ್ತದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ‘ಅದ್ವೈತ’ ಎಂಬ ದೈತ್ಯ ಆಮೆಗೆ 250 ವರ್ಷವಾಗಿತ್ತೆಂದೂ, ಅದು ರಾಬರ್ಟ್ ಕ್ಲೈವನ ಬಳಿ ಇತ್ತೆಂದೂ ಹೇಳುತ್ತಿದ್ದರು. ಪಕ್ಕಾ ದಾಖಲೆಯೇನಿಲ್ಲ. ಸುಲ್ಕಾಟಕ್ಕೆ ಎಪ್ಪತ್ತು ವರ್ಷವಂತೂ ದಕ್ಕೀತು. ನನಗೀಗ ಐವತ್ತೆಂಟು. ಇನ್ನು ಕೆಲವೇ ವರ್ಷಗಳಲ್ಲಿ ಮೂರನೇ ಮಹಡಿಯ ಬಾಲ್ಕನಿ ಅದಕ್ಕೆ ಸಾಲದು. ಪುಣೆಯಲ್ಲಿರುವ ಮಗಳ ಫ್ಲಾಟೂ ಇಷ್ಟೇ. ಊರಿನಲ್ಲಿ ತಮ್ಮನ ಮಾವಿನ ತೋಪಿದೆ. ನಿವೃತ್ತಿಯಾದ ಮೇಲೆ ಅಲ್ಲಿಗೇ ಹೋಗುವುದೆಂದು ನಾನು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಹೆಂಡತಿ ಅದನ್ನು ನಂಬುವುದು ಬಿಟ್ಟು ಬಹಳ ದಿನವಾಯಿತು. ಮೊನ್ನೆ ತಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವನು ನನ್ನ ವಿಷಯ ಎತ್ತಲಿಲ್ಲ.

‘ಗೋಡೆ ಎಷ್ಟು ಎತ್ತರ ಬೇಕಣ್ಣಾ?’ ಅಂದ.

‘ಮೇಲೆ ಎರಡಡಿ, ನೆಲದೊಳಗೆ ಎರಡಡಿ. ಅದು ತೋಡುತ್ತೆ.’

‘ಒಳಗೂ ಅಷ್ಟೇ ಬೇಕಾ? ಹಾಗಾದ್ರೆ ಕಲ್ಲೇ ಹಾಕಿಸೋದು ವಾಸಿ ಬಿಡು. ಸುಗ್ಗಿ ಮುಗೀಲಿ, ಆಳು ಸಿಗ್ತಾರೆ.’