ಬೇಲಿ ದಾಟಿ ಬರುವ ನೆರಳು

ಒಡೆಯಾ, ಜಾನ್ ಕಾನ್‌ಸ್ಟೇಬಲ್ 1816ರಲ್ಲಿ ಬರೆದ ‘ವೈವನ್‌ಹೋ ಪಾರ್ಕ್, ಎಸೆಕ್ಸ್’ ಚಿತ್ರದ ಪ್ರತಿಯೊಂದನ್ನು ಮುಂದಿಟ್ಟುಕೊಂಡು ಬೇಡಲು ಕೂತಿದ್ದೇನೆ. ಮೂಲ ಚಿತ್ರ ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಎತ್ತರ 56 ಸೆಂಟಿಮೀಟರು, ಅಗಲ 101. ಇಷ್ಟರೊಳಗೆ ಒಂದಿಡೀ ಜಹಗೀರು ಹಿಡಿಸಿದೆ.

ಕೋಲ್ಚೆಸ್ಟರಿನ ಹತ್ತಿರದ ಈ ನೆಲ ಆಗ ಮೇಜರ್ ಜನರಲ್ ಫ್ರಾನ್ಸಿಸ್ ಸ್ಲೇಟರ್ ರೆಬೋ ಅವರ ಸ್ವತ್ತು. ಬಂಗಲೆ ಅವರದು, ತೋಪು ಅವರದು, ಹುಲ್ಲುಗಾವಲು, ಕೆರೆ, ಕೆರೆಯೊಳಗಿನ ಮೀನೂ ಅವರದೇ. ತಮ್ಮದೆಲ್ಲವೂ ಚಿತ್ರದಲ್ಲಿ ಕಾಣಬೇಕೆಂದು ಬಯಸಿದರು. ಎಡಗಡೆ ಎಲ್ಮ್ ಮರಗಳ ಬಳಿಯ ಗುಹಾಮಂಟಪ ಬೇಕು, ನಡುವೆ ಮನೆ ಬೇಕು, ಬಲತುದಿಯಲ್ಲಿ ಜಿಂಕೆಯ ಕೊಟ್ಟಿಗೆಯೂ ಬೇಕು. ಇಷ್ಟೆಲ್ಲವನ್ನು ಒಂದೇ ನೋಟದೊಳಗೆ ತರುವುದು ಎಷ್ಟು ಕಷ್ಟವಾಯಿತೆಂದು ಕಾನ್‌ಸ್ಟೇಬಲ್ ತಾನು ಮದುವೆಯಾಗಲಿದ್ದ ಮರಾಯಾ ಬಿಕ್ನೆಲ್‌ಗೆ ಪತ್ರ ಬರೆದ. ಕೊನೆಗೆ ಕ್ಯಾನ್ವಾಸಿನ ಎರಡೂ ಬದಿಗೆ ಬಟ್ಟೆ ಜೋಡಿಸಿ ಅಗಲ ಮಾಡಿದ. ಕೇಳಿದವರ ಮನಸ್ಸು ನೋಯಿಸಲಿಲ್ಲ, ತನ್ನ ಕೈಯನ್ನೂ ಕೆಡಿಸಿಕೊಳ್ಳಲಿಲ್ಲ. ಅನ್ನಕ್ಕಾಗಿ ಮಾಡುವ ಕೆಲಸದಲ್ಲಿ ಆ ನಿಷ್ಠೆಯನ್ನು ನಮಗೂ ದಯಪಾಲಿಸು.

ಅದೆಂಥ ವರ್ಷವೆಂದು ನಿನಗೆ ಗೊತ್ತು. ಹಿಂದಿನ ವರ್ಷದ ಏಪ್ರಿಲಿನಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿನ ಬಹುಭಾಗಕ್ಕೆ 1816ರ ಬೇಸಿಗೆಯೇ ಬರಲಿಲ್ಲ. ಚಳಿ, ಬಿಡದ ಮಳೆ, ಹೊಲದಲ್ಲೇ ಹಾಳಾದ ಪೈರು. ಕಾನ್‌ಸ್ಟೇಬಲ್‌ಗೆ ನಲವತ್ತು ವರ್ಷ. ಮೇ ತಿಂಗಳಲ್ಲಿ ತಂದೆ ತೀರಿಕೊಂಡಿದ್ದರು. ಮರಾಯಾಳನ್ನು ಮದುವೆಯಾಗಲು ಏಳು ವರ್ಷದಿಂದ ಕಾದಿದ್ದ. ಅವಳ ಅಜ್ಜ, ಊರಿನ ಪಾದ್ರಿ, ಒಪ್ಪುತ್ತಿರಲಿಲ್ಲ. ರೆಬೋ ಈ ಚಿತ್ರ ಬರೆಸಿದ್ದೇ ಮದುವೆಯ ಖರ್ಚಿಗೆ ಒದಗಲಿ ಎಂಬ ಅಕ್ಕರೆಯಿಂದ. ಕೊಡುವ ಕೈಯನ್ನೂ ಹರಸು ಒಡೆಯಾ. ಸ್ವತ್ತಿನ ಹೆಮ್ಮೆಯ ಜೊತೆಗೆ ಅವರಲ್ಲಿ ಕರುಣೆಯೂ ಇತ್ತು.

ಅಂಥ ವರ್ಷದ ಚಿತ್ರದಲ್ಲಿ ಎಷ್ಟು ಬಿಸಿಲು! ಬಹುಪಾಲನ್ನು ಬಯಲಲ್ಲೇ ನಿಂತು ಬರೆದ ಚಿತ್ರವಿದು. ಹೆಚ್ಚುಕಡಿಮೆ ಅರ್ಧ ಕ್ಯಾನ್ವಾಸು ಬರೀ ಆಕಾಶ. ಅಲ್ಲಿಂದ ಮೋಡದ ನೆರಳು ಇಳಿದು ಹುಲ್ಲಿನ ಮೇಲೆ ಹಾಯುತ್ತದೆ, ಬೇಲಿ ದಾಟುತ್ತದೆ, ನೀರಿಗಿಳಿಯುತ್ತದೆ. ನೆರಳು ಸರಿದಲ್ಲಿ ಹಸಿರು ತಟ್ಟನೆ ಎಳೆಯದಾಗುತ್ತದೆ. ಬಂಗಲೆ ದೂರದಲ್ಲಿ, ಮರಗಳ ಸಂದಿನಲ್ಲಿ, ನಸುಗೆಂಪಾಗಿ ಪುಟ್ಟದಾಗಿ ಕೂತಿದೆ. ಕಣ್ಣು ಮೊದಲು ಹೋಗುವುದು ನೀರಿಗೆ, ನೀರಿನ ಮೇಲಿನ ಹಂಸಕ್ಕೆ, ದಡದ ಹಸುಗಳ ಬೆನ್ನಿಗೆ. ಯಜಮಾನರು ಕೇಳಿದ್ದೆಲ್ಲವೂ ಇಲ್ಲಿದೆ; ಆದರೆ ಚಿತ್ರ ಬದುಕಿರುವುದು ಅವರು ಕೇಳದೆ ಬಂದ ಬೆಳಕಿನಿಂದ. ಆ ಬೆಳಕಿಗೆ ಖಾತೆಯಿಲ್ಲ, ಕಂದಾಯವಿಲ್ಲ. ಹಸುವಿನ ಬೆನ್ನಿಗೂ ಬಂಗಲೆಯ ಗೋಡೆಗೂ ಒಂದೇ ಕೈಯಿಂದ ಅದನ್ನು ಸುರಿದವನು ನೀನು.

ನೋಡುವುದನ್ನು ಕಾನ್‌ಸ್ಟೇಬಲ್‌ಗೆ ಕಲಿಸಿದ್ದು ಗಿರಣಿ. ಅಪ್ಪನ ಗಾಳಿಗಿರಣಿಯಲ್ಲಿ ಹುಡುಗನಾಗಿದ್ದಾಗ ದುಡಿದ. ಮೋಡದ ಚಲನೆ ನೋಡಿ ಗಾಳಿಯ ರಭಸ ಅಳೆಯಬೇಕು, ರೆಕ್ಕೆಗೆ ಹಾಯಿ ಬಿಡಬೇಕೋ ಸುತ್ತಬೇಕೋ ತೀರ್ಮಾನಿಸಬೇಕು. ತಪ್ಪಿದರೆ ಗಿರಣಿಯೇ ಮುರಿಯುತ್ತದೆ. ಮುಂದೆ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಆಕಾಶವನ್ನೇ ಮತ್ತೆ ಮತ್ತೆ ಬರೆದು, ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿಯ ದಿಕ್ಕು ನಮೂದಿಸಿಟ್ಟ. ಅಂಥ ಅಭ್ಯಾಸ ನಮ್ಮ ಕಣ್ಣಿಗೂ ಬರಲಿ. ಒಂದು ಮರ ಕಂಡರೆ ಅದರ ಬೆಲೆ, ಒಂದು ಕೆರೆ ಕಂಡರೆ ಅದರ ಎಕರೆ, ಇಷ್ಟೇ ಎಣಿಸಲು ಬರುವ ಕಣ್ಣಿಗೆ ಬೇರೆಯ ಎಣಿಕೆಯನ್ನೂ ಕೊಡು.

1816ರ ಅಕ್ಟೋಬರ್ 2ರಂದು ಅವನಿಗೂ ಮರಾಯಾಳಿಗೂ ಮದುವೆಯಾಯಿತು. ಹನ್ನೆರಡು ವರ್ಷ, ಏಳು ಮಕ್ಕಳು, ಆಮೇಲೆ ಕ್ಷಯ ಮರಾಯಾಳನ್ನು ಒಯ್ದಿತು. 1837ರಲ್ಲಿ ತಾನು ಸಾಯುವ ತನಕ ಅವನು ಶೋಕದ ಕಪ್ಪು ಬಟ್ಟೆ ಬಿಡಲಿಲ್ಲ. ಈ ಬಿಸಿಲನ್ನು ನೋಡುವಾಗಲೆಲ್ಲ ಅವಳನ್ನು ನೆನೆಯುತ್ತೇನೆ. ಅವಳಿಗೆ ಶಾಂತಿ ಇರಲಿ.

ರೆಬೋ ಮನೆತನದ ಆ ನೆಲದಲ್ಲಿ ಈಗ ಎಸೆಕ್ಸ್ ವಿಶ್ವವಿದ್ಯಾಲಯವಿದೆ. 1960ರ ದಶಕದಿಂದ ಎಲ್ಲೆಲ್ಲಿಯ ಮಕ್ಕಳೋ ಆ ಕೆರೆಯ ಬದಿಯಲ್ಲಿ ಪುಸ್ತಕ ಹಿಡಿದು ನಡೆಯುತ್ತಾರೆ. ಅವರ ಓದು ಕೈಗೂಡಲಿ.

ಇನ್ನೊಂದು ಬೇಡಿಕೆ ಉಳಿದಿದೆ. ಚಿತ್ರದ ಎಡ ಅಂಚಿನಲ್ಲಿ ಕತ್ತೆಗಾಡಿ ಓಡಿಸುವ ಹುಡುಗಿ ಜನರಲ್ಲರ ಮಗಳು ಮೇರಿ. ಅವಳ ಹೆಸರು ಉಳಿದುಕೊಂಡಿದೆ. ಕೆರೆಯ ದೋಣಿಯಲ್ಲಿ ಇಬ್ಬರು ಬಲೆ ಎಳೆಯುತ್ತಿದ್ದಾರಲ್ಲ, ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಬೆಳೆ ಕೆಟ್ಟ ಆ ವರ್ಷ ಮನೆಯಲ್ಲಿ ಅವರ ಮಕ್ಕಳೂ ಊಟಕ್ಕೆ ಕಾದಿರಬಹುದು. ಒಡೆಯಾ, ಅವರ ಹೆಸರು ನಿನ್ನಲ್ಲಿದ್ದರೆ ಮೇರಿಯ ಹೆಸರಿನ ಪಕ್ಕದಲ್ಲೇ ಬರೆದುಕೋ.